ಅಪ್‌ಡೇಟ್: ಕೇಕಿನ ಮೇಲೆ ಹೂವು ನಿಂತಿತು!

ಕಾಸರಗೋಡಿನ ಸೆಕೆಗೆ ಮಗಳ ಹುಟ್ಟುಹಬ್ಬದ ಕೇಕ್ ಮೇಲಿನ ಬಟರ್‌ಕ್ರೀಮ್ (ಬೆಣ್ಣೆ, ಸಕ್ಕರೆ ಪುಡಿ ಕಲಸಿದ ಕ್ರೀಮ್) ಹೂವು ಕರಗಿ ಇಳಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಅರ್ಧ ಬೆಣ್ಣೆ, ಅರ್ಧ ವನಸ್ಪತಿ ಹಾಕಿ ಎಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಬೆಣ್ಣೆ 32ರಿಂದ 35 ಡಿಗ್ರಿಯಲ್ಲೇ ಕರಗುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಅಷ್ಟಿರುತ್ತದೆ ಅಲ್ವಾ! ವನಸ್ಪತಿ ಇನ್ನೂ ಸ್ವಲ್ಪ ಬಿಸಿ ತಡೆಯುತ್ತದೆ.

ಬೇರೆ ಉಪಾಯಗಳು ಕೈಕೊಟ್ಟವು: ಸಕ್ಕರೆ ಪುಡಿ ಜಾಸ್ತಿ ಹಾಕಿದರೆ ಬರೀ ಸಿಹಿ. ಫ್ರಿಜ್ಜಿನಿಂದ ತೆಗೆದ ಕೇಕ್ ಕಡಲ ಗಾಳಿಗೆ ಬೆವರಿ ಬಣ್ಣ ಹರಡಿತು.

ಹೊಸದಾಗಿ ಗೊತ್ತಾದದ್ದು: ಕೈಯ ಬಿಸಿಗೂ ಕ್ರೀಮ್ ಕರಗುತ್ತದೆ. ಹಾಗಾಗಿ ಮಗಳಿಗೆ ಹೂವು ಹಿಂಡುವ ಚೀಲದಲ್ಲಿ ಕ್ರೀಮ್ ಸ್ವಲ್ಪಸ್ವಲ್ಪವೇ ತುಂಬಿಸಿ ಕೊಟ್ಟೆ, ಉಳಿದದ್ದನ್ನು ತಂಪಲ್ಲಿಟ್ಟೆ. ಗುಲಾಬಿಯೆಲ್ಲ ಅವಳದೇ ಕೈಕೆಲಸ, ಎಷ್ಟು ಚಂದ ಬಂತು! ವನಸ್ಪತಿಯ ಜಿಡ್ಡು ಬಾಯಲ್ಲಿ ಉಳಿಯುತ್ತದೆ, ಚಿಟಿಕೆ ಏಲಕ್ಕಿ ಪುಡಿ ಹಾಕಿ.