ಅಜ್ಜಿಯ ಕ್ಯಾಸೆಟ್ಟಿನಲ್ಲಿ ಗಡಿಯಾರದ ಸದ್ದು

ತಂಗಿ: ಎಲ್ಲರಿಗೂ ನಮಸ್ಕಾರ. 1984ರಲ್ಲಿ ಅಜ್ಜನ ಮನೆಯಲ್ಲಿ ಎಲ್ಲರೂ ಕುಳಿತು ಮಾತನಾಡಿ, ದೂರದಲ್ಲಿದ್ದ ಅಪ್ಪನಿಗೆ ಅಂಚೆಯಲ್ಲಿ ಕಳುಹಿಸಿದ್ದ ಕ್ಯಾಸೆಟ್ಟಿನ ಮೊದಲ ಬದಿಯನ್ನು ಕಂಪ್ಯೂಟರಿಗೆ ಇಳಿಸಿ ನಮ್ಮ ಕುಟುಂಬದ ಈ ಗುಂಪಿನಲ್ಲಿ ಹಾಕಿದ್ದೇನೆ. 30 ನಿಮಿಷಗಳ ಆ ಬದಿಯಲ್ಲಿ ಕೆಮ್ಮು, ಕುರ್ಚಿ ಎಳೆಯುವ ಸದ್ದು, ಮಕ್ಕಳ ಕಿತ್ತಾಟ ಮತ್ತು ಯಾರೂ ಮಾತನಾಡದ ಹೊತ್ತೇ ಹೆಚ್ಚಾಗಿದ್ದುದರಿಂದ ಅವನ್ನೆಲ್ಲ ಕತ್ತರಿಸಿ, ಹಿಂದೆ ಟಿಕ್ ಟಿಕ್ ಎನ್ನುತ್ತಿದ್ದ ಗಡಿಯಾರದ ಸದ್ದನ್ನೂ ತಂತ್ರಾಂಶದಿಂದ ತೆಗೆದು, ನೆಮ್ಮದಿಯಾಗಿ ಕೇಳಬಹುದಾದ 11 ನಿಮಿಷಗಳನ್ನು ಉಳಿಸಿಕೊಂಡಿದ್ದೇನೆ.

ಚಿಕ್ಕಪ್ಪ: ಮಗಳೇ, ನೀನು ಪಟ್ಟ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಸಲ ಕೇಳಿದ ಮೇಲೂ ಇದು ನಾವು ಮಾಡಿದ ಟೇಪು ಎಂದು ನನಗೆ ಅನ್ನಿಸಲಿಲ್ಲ. ಇದರಲ್ಲಿ ಒಬ್ಬರ ಮಾತು ಮುಗಿಯುತ್ತಿದ್ದಂತೆಯೇ ಇನ್ನೊಬ್ಬರದು ಶುರುವಾಗುತ್ತದೆ. ಅಂದು ಹಾಗೆ ನಡೆದಿರಲಿಲ್ಲ. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ನಮ್ಮ ಅಪ್ಪ, ಅಂದರೆ ನಿನ್ನ ಅಜ್ಜ, ಒಟ್ಟಿಗೆ ಒತ್ತಿದರೆಂದರೆ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಮೈಕನ್ನು ಕೈಯಿಂದ ಕೈಗೆ ದಾಟಿಸುವಾಗ ಮುಂದಿನ ಸರದಿ ಯಾರದೆಂದು ಕಣ್ಸನ್ನೆಯಲ್ಲೇ ಜಗಳವಾಡುತ್ತಿದ್ದೆವು. ನೀನು ಕತ್ತರಿಸಿ ಹಾಕಿದ 19 ನಿಮಿಷಗಳಲ್ಲಿಯೇ ಆ ಸಂಜೆ ಇರುವುದು.

ತಂಗಿ: ಚಿಕ್ಕಪ್ಪ, ನೀವು ಅಲ್ಲಿ ಕುಳಿತಿದ್ದವರು, ಆದ್ದರಿಂದ ನಿಮಗೆ ಮೌನವೂ ಅರ್ಥವಾಗುತ್ತದೆ. ನಾನು ಹುಟ್ಟಿದ್ದು ಮರುವರ್ಷ. ನನಗೂ ನನ್ನ ನಂತರದವರಿಗೂ ಅಜ್ಜಿ ಏನು ಹೇಳಿದರು ಎಂಬುದು ಸ್ಪಷ್ಟವಾಗಿ ಕೇಳಿಸಬೇಕು. ಮಾತು ನಿಂತಾಗಲೆಲ್ಲ ಗಡಿಯಾರದ ಸದ್ದು ಸುತ್ತಿಗೆಯ ಏಟಿನಂತೆ ಎದ್ದುಬರುತ್ತಿತ್ತು. ಅರ್ಧ ಗಂಟೆಯ ಅಂತಹ ಕಡತವನ್ನು ಈ ಗುಂಪಿನಲ್ಲಿ ಹಾಕಿದ್ದರೆ ಎಷ್ಟು ಜನ ಪೂರ್ತಿ ಕೇಳುತ್ತಿದ್ದರು?

ಚಿಕ್ಕಪ್ಪ: ಆ ಸದ್ದು ಹಾಗೆ ಏಳುವುದಕ್ಕೆ ಯಂತ್ರವೇ ಕಾರಣ. ಆ ಕಾಲದ ಮನೆಬಳಕೆಯ ರೆಕಾರ್ಡರುಗಳಲ್ಲಿ ಧ್ವನಿಯ ಮಟ್ಟವನ್ನು ತಾನೇ ಸರಿದೂಗಿಸುವ ವ್ಯವಸ್ಥೆ ಇರುತ್ತಿತ್ತು: ಜೋರಾಗಿ ಮಾತನಾಡಿದರೆ ಅದು ತಗ್ಗಿಸುತ್ತಿತ್ತು, ಎಲ್ಲರೂ ಸುಮ್ಮನಾದರೆ ಏನಾದರೂ ಸಿಕ್ಕೀತೇ ಎಂದು ಹುಡುಕುವಂತೆ ಕೋಣೆಯ ಸಣ್ಣ ಸದ್ದನ್ನೂ ಎತ್ತಿ ಹಿಡಿಯುತ್ತಿತ್ತು. ಹೀಗಾಗಿ ನಾವು ಮಾತನಾಡುವಾಗ ಟೇಪಿನಲ್ಲಿ ನಾವಿದ್ದೇವೆ, ಸುಮ್ಮನಾದಾಗ ಮನೆಯಿದೆ.

ಅತ್ತೆ: ಅಣ್ಣ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನನ್ನ ತಕರಾರು ಬೇರೆಯದು. ಕೊನೆಯ ಭಾಗದಲ್ಲಿ ಕೇಳಿಸುವುದು ಅಮ್ಮನ ಧ್ವನಿಯಲ್ಲ. ಮಾತು ಅವಳದೇ, ಧಾಟಿ ಅವಳದೇ, ಆದರೆ ಅವಳ ಗಂಟಲು ಇಷ್ಟು ತೆಳುವಾಗಿರಲಿಲ್ಲ, ಅವಳು ಇಷ್ಟು ಅವಸರದಲ್ಲಿ ಯಾವತ್ತೂ ಮಾತನಾಡಿದವಳಲ್ಲ. ಇನ್ನೊಂದು ವಿಷಯ: ‘ನನಗೆ ಮಾತನಾಡಲು ಬರುವುದಿಲ್ಲ, ಅದನ್ನು ಆರಿಸಿಬಿಡಿ’ ಎಂದು ಅವಳು ಮೊದಲಿಗೇ ಹೇಳಿದ್ದಳಲ್ಲ, ಅದು ಎಲ್ಲಿ ಹೋಯಿತು?

ತಂಗಿ: ಅತ್ತೆ, ಅದನ್ನು ನಾನು ಉದ್ದೇಶಪೂರ್ವಕವಾಗಿಯೇ ತೆಗೆದೆ. ಆರಿಸಿ ಎಂದು ಅವರೇ ಕೇಳಿಕೊಂಡಿರುವಾಗ, ಆ ಮುಜುಗರವನ್ನು ಇಷ್ಟು ವರ್ಷಗಳ ನಂತರ ಎಲ್ಲರಿಗೂ ಕೇಳಿಸುವುದು ಅವರಿಗೆ ತೋರುವ ಗೌರವವಲ್ಲ ಎಂದು ಭಾವಿಸಿದೆ.

ಅತ್ತೆ: ನಿನ್ನ ಮನಸ್ಸು ನನಗೆ ಅರ್ಥವಾಗುತ್ತದೆ, ಕಂದಾ. ಆದರೆ ಅದು ಮುಜುಗರವಾಗಿರಲಿಲ್ಲ. ಪ್ರತಿ ಕ್ಯಾಸೆಟ್ಟಿನಲ್ಲೂ ಅವಳು ಅದೇ ಮಾತಿನಿಂದ ಶುರು ಮಾಡುತ್ತಿದ್ದಳು, ಅಪ್ಪ ಆರಿಸಿದೆನೆಂದು ಸುಳ್ಳು ಹೇಳುತ್ತಿದ್ದರು, ಅದು ಸುಳ್ಳೆಂದು ಅವಳಿಗೂ ಗೊತ್ತಿರುತ್ತಿತ್ತು. ಆಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತನಾಡುತ್ತಿದ್ದವಳು ಅವಳೇ. ನಾವೆಲ್ಲ ಕಾಯುತ್ತಿದ್ದುದೇ ಆ ಮಾತಿಗಾಗಿ. ಅದನ್ನು ತೆಗೆದರೆ ಅಪ್ಪ ಅಮ್ಮ ಇಬ್ಬರ ನಡುವೆ ಇದ್ದದ್ದನ್ನೇ ತೆಗೆದ ಹಾಗೆ.

ಮಗಳು: ದೊಡ್ಡವರು ತಪ್ಪು ತಿಳಿಯಬಾರದು, ಒಂದು ಪ್ರಶ್ನೆ ಕೇಳುತ್ತೇನೆ. ಇದನ್ನು ಮರೆಯಾದ ಸಂಗತಿಯೆಂಬಂತೆ ಎಲ್ಲರೂ ಮಾತನಾಡುತ್ತಿದ್ದೀರಿ. ನಾವು ಇದೇ ಗುಂಪಿನಲ್ಲಿ ದಿನವೂ ಧ್ವನಿ ಸಂದೇಶಗಳನ್ನು ಕಳುಹಿಸುತ್ತೇವಲ್ಲ, ಅದು ಇದೇ ಅಲ್ಲವೇ? ಅಂಚೆಗೆ ಕಾಯಬೇಕಿಲ್ಲ ಎಂಬುದಷ್ಟೇ ವ್ಯತ್ಯಾಸ.

ನಾನು: ಅಷ್ಟೇ ಅಲ್ಲ. ನನಗಾಗ ಎಂಟು ವರ್ಷ; ಚೆನ್ನಾಗಿ ನೆನಪಿದೆ. ನೀನು ಧ್ವನಿ ಸಂದೇಶವನ್ನು ನಡೆಯುತ್ತಲೋ ಬಸ್ಸಿನಲ್ಲಿ ಕುಳಿತೋ ಒಬ್ಬಳೇ ಹೇಳುತ್ತೀಯೆ, ಕೇಳುವವರೂ ಒಬ್ಬರೇ ಕೇಳುತ್ತಾರೆ. ನಮಗೆ ಇದ್ದದ್ದು ಒಂದೇ ಯಂತ್ರ, ಒಂದು ಬದಿಗೆ 30 ನಿಮಿಷ. ಹೇಳಬೇಕಾದ್ದನ್ನು ಎರಡು ದಿನ ಮೊದಲೇ ಯೋಚಿಸಿಟ್ಟುಕೊಳ್ಳುತ್ತಿದ್ದೆವು, ನಾನು ಪಾಠದ ಪದ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ, ಒಬ್ಬರು ಅಪ್ಪನಿಗೆ ಏನು ಹೇಳುತ್ತಿದ್ದಾರೆಂದು ಉಳಿದ ಎಂಟು ಜನ ಅಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಚಿಕ್ಕಪ್ಪನಿಗೆ ಕೆಲಸ ಸಿಗದೆ ಎಷ್ಟು ಬೇಸರವಾಗಿದೆ ಎಂಬುದು ಮನೆಯವರಿಗೆ ಗೊತ್ತಾದದ್ದೇ ಹಾಗೆ, ಅವರು ಅದನ್ನು ಅಪ್ಪನಿಗೆ ಹೇಳಿದಾಗ.

ಚಿಕ್ಕಪ್ಪ: ನಿಜ. ಎದುರಿಗೆ ಕುಳಿತವರಿಗೆ ಹೇಳಲಾಗದ್ದನ್ನು, ಅವರೆದುರೇ, ದೂರದಲ್ಲಿರುವವನಿಗೆ ಹೇಳಬಹುದಾಗಿತ್ತು.

ಮಗಳು: ಅಮ್ಮ, ಇದು ನನಗೆ ಹೊಸ ವಿಷಯ. ಆದರೂ, ಅದು ಅಷ್ಟು ಮುಖ್ಯವಾಗಿದ್ದರೆ ನೀವೇ ಏಕೆ ನಿಲ್ಲಿಸಿದಿರಿ? ನೀವು ನಿಲ್ಲಿಸುವಾಗ ಮೊಬೈಲ್ ಇರಲೇ ಇಲ್ಲ. ಈ ಕ್ಯಾಸೆಟ್ ಕೂಡ ಇಷ್ಟು ವರ್ಷ ಯಾರೂ ಕೇಳದೆ ಪೆಟ್ಟಿಗೆಯಲ್ಲೇ ಬಿದ್ದಿತ್ತು.

ಚಿಕ್ಕಪ್ಪ: ಈ ಪ್ರಶ್ನೆಗೆ ನಾನೇ ಉತ್ತರಿಸಬೇಕು, ಏಕೆಂದರೆ ಮೊದಲು ನಿಲ್ಲಿಸಿದವನು ನಾನು. ಮನೆಗೆ ದೂರವಾಣಿ ಬಂದ ಮೇಲೆ ಅಣ್ಣನ ಜೊತೆ ನೇರವಾಗಿ ಮಾತನಾಡಬಹುದೆಂಬ ಉತ್ಸಾಹದಲ್ಲಿ ಕ್ಯಾಸೆಟ್ ನಮಗೆ ಬೇಡವಾಯಿತು. ಕರೆ ದುಬಾರಿಯಾಗಿತ್ತು, ಕ್ಷೇಮವೇ ಎಂದು ಕೇಳಿ, ಕ್ಷೇಮವೆಂದು ಹೇಳಿ ಇಡುತ್ತಿದ್ದೆವು. ಕರೆಗಳು ಅಗ್ಗವಾಗುವ ಹೊತ್ತಿಗೆ ಒಟ್ಟಿಗೆ ಕುಳಿತು ಮಾತನಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಫೋನನ್ನು ಒಬ್ಬರೇ ಹಿಡಿಯಬೇಕಿತ್ತು, ಉಳಿದವರು ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದರು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಈ ಪುಟ್ಟ ಕ್ಯಾಸೆಟ್ಟನ್ನು ಹೊರತಂದಾಗ ಅದನ್ನು ಮುಖ್ಯವಾಗಿ ಉದ್ದೇಶಿಸಿದ್ದು ಮಾತನ್ನು ಮುದ್ರಿಸಿಕೊಳ್ಳುವುದಕ್ಕೇ, ಸಂಗೀತಕ್ಕೆ ಅದು ಒಗ್ಗಿಕೊಂಡದ್ದು ನಂತರ. ನಮ್ಮ ಮನೆಯಲ್ಲೂ ಕೊನೆಗೆ ಅದು ಹಾಡು ಕೇಳುವ ಡಬ್ಬಿಯಾಗಿಬಿಟ್ಟಿತು, ಎಷ್ಟೋ ಮಾತಿನ ಟೇಪುಗಳ ಮೇಲೆ ನಾನೇ ಹಾಡುಗಳನ್ನು ತುಂಬಿಸಿದೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅತ್ತೆ: ಇದೊಂದು ಉಳಿದದ್ದು ಆ ಭಯದಿಂದಲೇ. ಅಮ್ಮ ತೀರಿಕೊಂಡ ವಾರವೇ ನಾನು ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ ಅವಳ ಮಾತಿರುವ ಬದಿಗೆ ಸೇರಿದ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟೆ. ಅದನ್ನು ಮುರಿದರೆ ಆ ಬದಿಯ ಮೇಲೆ ಬೇರೇನನ್ನೂ ತುಂಬಿಸಲು ಯಂತ್ರ ಬಿಡುವುದಿಲ್ಲ ಎಂದು ಅಪ್ಪನೇ ಹಿಂದೆ ತೋರಿಸಿಕೊಟ್ಟಿದ್ದರು.

ತಂಗಿ: ಇದು ನನಗೆ ಗೊತ್ತಿರಲಿಲ್ಲ, ಅತ್ತೆ. ಕತ್ತರಿಸದ ಮೂಲ ಕಡತ ನನ್ನ ಬಳಿ ಭದ್ರವಾಗಿದೆ, ಅದನ್ನೂ ಈಗಲೇ ಹಾಕುತ್ತೇನೆ. ಆದರೆ ಧ್ವನಿ ತೆಳುವಾಗಿರುವುದು ನನ್ನ ತಂತ್ರಾಂಶದಿಂದಲ್ಲ, ಮೂಲದಲ್ಲೂ ಹಾಗೆಯೇ ಇದೆ.

ಚಿಕ್ಕಪ್ಪ: ಹಾಗಾದರೆ ಸೆಲ್ಲುಗಳು ಬಸವಳಿದಿರಬೇಕು. ಮುದ್ರಿಸುವಾಗ ಸೆಲ್ಲಿನ ಶಕ್ತಿ ಕುಂದಿದರೆ ಟೇಪು ನಿಧಾನವಾಗಿ ಓಡುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನ ಸರಿಯಾದ ವೇಗದಲ್ಲಿ ಕೇಳಿದಾಗ ಮಾತು ಅವಸರವಾಗಿಯೂ ಧ್ವನಿ ತೆಳುವಾಗಿಯೂ ಕೇಳಿಸುತ್ತದೆ. ಎಷ್ಟು ನಿಧಾನವಾಗಿತ್ತು ಎಂದು ತಿಳಿದರೆ ಸರಿಪಡಿಸಬಹುದು. ತಂಗೀ (ಮಕ್ಕಳ ಅತ್ತೆಗೇ ಹೇಳುತ್ತಿದ್ದೇನೆ), ಆ ಲೋಲಕದ ಗಡಿಯಾರ ನಿನ್ನ ಮನೆಯಲ್ಲಿ ಇನ್ನೂ ನಡೆಯುತ್ತಿದೆಯಲ್ಲವೇ? ಒಂದು ನಿಮಿಷಕ್ಕೆ ಎಷ್ಟು ಬಾರಿ ಟಿಕ್ ಎನ್ನುತ್ತದೆಂದು ಕೈಗಡಿಯಾರ ಹಿಡಿದು ಎಣಿಸು.

ಅತ್ತೆ: ಎರಡು ಸಲ ಎಣಿಸಿದೆ. ಸರಿಯಾಗಿ 120.

ನಾನು: ಮೂಲ ಕಡತದಲ್ಲಿ ನಾನು ಎಣಿಸಿದೆ. ಆರಂಭದಲ್ಲಿ ನಿಮಿಷಕ್ಕೆ 120 ಇದೆ, 25ನೇ ನಿಮಿಷದ ಹೊತ್ತಿಗೆ 127 ಆಗಿದೆ.

ಚಿಕ್ಕಪ್ಪ: ಶ್ರುತಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಅರ್ಧ ಮನೆಯಷ್ಟು, ಅಂದರೆ ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ತೀರಾ ಪಕ್ಕದ ಕೀಲಿಗೆ ಹೋದಷ್ಟು, ಮೇಲೆ. ನಿನ್ನ ಅತ್ತೆಯ ಕಿವಿ ಸುಳ್ಳು ಹೇಳಲಿಲ್ಲ. ಮಗಳೇ, ಕೊನೆಯ ಭಾಗದ ವೇಗವನ್ನು ನೂರಕ್ಕೆ ತೊಂಬತ್ತನಾಲ್ಕೂವರೆಗೆ ಇಳಿಸು, ಹಿಂದಿನ ಭಾಗಗಳನ್ನೂ ಟಿಕ್ ಎಣಿಸುತ್ತಲೇ ಸರಿಹೊಂದಿಸು.

ತಂಗಿ: ಮಾಡಿದೆ. ಅತ್ತೆ, ಈ ತುಣುಕನ್ನು ದಯವಿಟ್ಟು ಕೇಳಿ.

ಅತ್ತೆ: ಹೌದು. ಇದು ಅಮ್ಮ.

ಮಗಳು: ಪೂರ್ತಿ 30 ನಿಮಿಷ ನಾನೂ ಕೇಳಿದೆ. ‘ಆರಿಸಿಬಿಡಿ’ ಎಂದ ಮೇಲೆ ಯಾರೋ ನಗುವನ್ನು ತಡೆದುಕೊಳ್ಳುತ್ತಿದ್ದಾರೆ, ಅದು ಯಾರು?

ನಾನು: ನಾನೇ.

ತಂಗಿ: ನನ್ನ 11 ನಿಮಿಷಗಳ ಕಡತವನ್ನು ಅಳಿಸುವುದಿಲ್ಲ, ಪೂರ್ತಿ ಕೇಳಲು ಸಮಯವಿಲ್ಲದವರಿಗೆ ಅದೂ ಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅದಕ್ಕೆ ‘ಆರಿಸಿಬಿಡಿ’ ಎಂಬ ಮಾತನ್ನೂ ಅದರ ಹಿಂದಿನ ಗಡಿಯಾರವನ್ನೂ ಮರಳಿ ಸೇರಿಸುತ್ತೇನೆ. ಇನ್ನು ಎರಡನೇ ಬದಿಯ ವಿಷಯ. ಮೊದಲ ಬದಿ ಮುಗಿದು ಕ್ಯಾಸೆಟ್ಟನ್ನು ತಿರುಗಿಸುವಾಗ ಒಳಗಿನಿಂದ ಚಿಕ್ಕದೊಂದು ಬಟ್ಟೆಯ ತುಣುಕು ಉದುರಿತು.

ಚಿಕ್ಕಪ್ಪ: ಅದು ಟೇಪನ್ನು ಯಂತ್ರದ ಹೆಡ್ಡಿಗೆ, ಅಂದರೆ ಟೇಪಿನಿಂದ ಧ್ವನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಮೆತ್ತೆ, ಅದರ ಅಂಟು ಒಣಗಿದೆ. ಅದಿಲ್ಲದೆ ಹಾಕಿದರೆ ಧ್ವನಿ ಮಂಕಾಗಿ ಕೇಳಿಸುತ್ತದೆ, ಮತ್ತೆ ಮತ್ತೆ ಹಾಕಬೇಡ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಹೊರಕವಚಕ್ಕೆ ಎರಡೂ ಸುರುಳಿಗಳನ್ನು ಬದಲಾಯಿಸಿಕೊಳ್ಳಬೇಕು. ಭಾನುವಾರ ನಾನೇ ಬರುತ್ತೇನೆ. ಆ ಬದಿಯಲ್ಲಿ ಅಣ್ಣ ಉತ್ತರ ತುಂಬಿಸಿ ವಾಪಸ್ ಕಳುಹಿಸಿದ್ದ.

ತಂಗಿ: ಅಪ್ಪನ ಧ್ವನಿ ಇನ್ನೂ ಇರಬಹುದೇ? ಆ ಬದಿಯ ಪ್ಲಾಸ್ಟಿಕ್ ಚೂರು ಮುರಿಯದೆ ಹಾಗೆಯೇ ಇದೆ.

ಅತ್ತೆ: ನಾನು ಮುರಿದದ್ದು ಅಮ್ಮನ ಬದಿಯದನ್ನು ಮಾತ್ರ.

ಚಿಕ್ಕಪ್ಪ: ಅದರ ಮೇಲೆ ನಾನು ಹಾಡು ತುಂಬಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ. ಭಾನುವಾರದವರೆಗೆ ಅದನ್ನು ಯಂತ್ರಕ್ಕೆ ಹಾಕಬೇಡಿ. ಎಲ್ಲರೂ ಬನ್ನಿ, ಒಟ್ಟಿಗೆ ಕೇಳೋಣ.