ಕೈಯಲ್ಲಿ ಸುತ್ತಿದ ಮದೂರೊ ಸಿಗಾರ್: ಚೆನ್ನಾಗಿದೆಯಾ ಅಂತ ನೋಡೋದು ಹೇಗೆ?

ಟಿಳಕವಾಡಿ, ಬೆಳಗಾವಿಯಿಂದ:
ದುಬೈಯಿಂದ ಬಂದ ಭಾವ ಐದು ಕಪ್ಪು ಸಿಗಾರ್ ಕೊಟ್ಟು ಹೋಗಿದ್ದಾರೆ. ಸಿಗಾರ್‌ಗೆ ಸುತ್ತಿದ ಕಾಗದದ ಪಟ್ಟಿ ಮೇಲೆ ‘ಮದೂರೊ’ ಅಂತ ಇದೆ. ನಮ್ಮ ಮನೆಯವಳು ಮದ್ದೂರು ಅಂತ ಓದಿ, ವಡೆ ಎಲ್ಲಿ ಅಂದಳು! ಇಲ್ಲೊಂದು ಅಂಗಡಿಯಲ್ಲಿ ಅಂಥದ್ದೇ ಒಂದಕ್ಕೆ 1,400 ರೂಪಾಯಿ ಹೇಳುತ್ತಾರೆ. ಕಪ್ಪಿದ್ದಷ್ಟೂ ಕಡಕ್ ಅಂತಾರೆ, ಹೌದಾ? ಅಷ್ಟು ದುಡ್ಡು ಕೊಡಬಹುದಾ? ಗೊತ್ತಿದ್ದವರು ಹೇಳಿ.

ನಿಪ್ಪಾಣಿಯಿಂದ:
ನಮ್ಮದು ತಂಬಾಕಿನ ವಖಾರಿ ಇರುವ ಮನೆ. ಆದರೆ ಇಲ್ಲಿ ಬೆಳೆಯೋದು ಬೀಡಿ ತಂಬಾಕು. ಸಿಗಾರ್ ಕಲಿತದ್ದು ದುಡ್ಡು ಕಳೆದುಕೊಂಡೇ.

ಬಣ್ಣ ನೋಡಿ ಕಡಕ್ ಅನ್ನಬೇಡಿ. ಮದೂರೊ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಹಣ್ಣಾದದ್ದು’. ಹೊರಗಿನ ಎಲೆಯನ್ನು ರಾಶಿ ಹಾಕಿ, ಜಾಸ್ತಿ ದಿನ ಕಾವಿನಲ್ಲಿ ಹದ ಮಾಡಿರುತ್ತಾರೆ. ಹಸಿ ಮೇವಿನ ಗುಡ್ಡೆಯೊಳಗೆ ಕೈ ಇಟ್ಟರೆ ಬಿಸಿ ಹತ್ತುತ್ತಲ್ಲ, ಹಾಗೇ. ತೆಳು ಎಲೆ ಇದಕ್ಕೆ ತಡೆಯೋದಿಲ್ಲ. ಅದಕ್ಕೇ ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೊದ ಸ್ಯಾನ್ ಆಂಡ್ರೆಸ್‌ನಂಥ ದಪ್ಪ ಎಲೆ ಬಳಸುತ್ತಾರೆ. ಸಿಗಾರ್ ಎಷ್ಟು ಕಡಕ್ ಅನ್ನೋದು ಮುಖ್ಯವಾಗಿ ಒಳಗೆ ತುಂಬಿದ ಎಲೆ ಮೇಲೆ ಹೋಗುತ್ತದೆ.

ಈಗ ಕೈಗೆ ತೊಗೊಳ್ಳಿ. ತಲೆಯಿಂದ, ಅಂದರೆ ಬಾಯಿಗಿಡುವ ಮುಚ್ಚಿದ ತುದಿಯಿಂದ, ಬುಡದವರೆಗೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಹೋಗಿ. ಎಲ್ಲಾ ಕಡೆ ಒಂದೇ ಥರ ಬಗ್ಗಿ ಮತ್ತೆ ಎದ್ದು ಬರಬೇಕು. ನಡುವೆ ಕಲ್ಲಿನಂಥ ಗಂಟು ಸಿಕ್ಕರೆ ಹೊಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೆತ್ತಗೆ ಕುಸಿದರೆ ಒಳಗೆ ಎಲೆ ಕಡಿಮೆ, ಬೇಗ ಉರಿದು ಬಿಸಿ ಹೊಗೆ ಬರುತ್ತದೆ. ದಪ್ಪ ನರ, ಸ್ವಲ್ಪ ಉಬ್ಬುತಗ್ಗು ಬ್ರಾಡ್‌ಲೀಫ್‌ನಲ್ಲಿ ಸಹಜ, ಅದಕ್ಕೆ ಅಂಕ ಕಳೆಯಬೇಡಿ. ಬಣ್ಣ ಹಚ್ಚಿದ ಅನುಮಾನ ಬಂದರೆ ಒದ್ದೆ ಟಿಶ್ಯೂದಲ್ಲಿ ಒರೆಸಿ. ಚೂರು ಕಂದು ಬಂದರೆ ಪರವಾಗಿಲ್ಲ. ಮಸಿಯಂತೆ ಕಪ್ಪು ಬಂದರೆ ಬಿಟ್ಟುಬಿಡಿ.

ತಲೆ ಕತ್ತರಿಸಿ, ಹಚ್ಚುವ ಮೊದಲು ಸುಮ್ನೆ ಒಮ್ಮೆ ಎಳೆಯಿರಿ. ಗಟ್ಟಿ ಲಸ್ಸಿಯನ್ನು ಸ್ಟ್ರಾದಲ್ಲಿ ಎಳೆದಂತಾದರೆ ಸುತ್ತಿದ್ದು ಬಿಗಿಯಾಗಿದೆ.

ರುಚಿ? ಒಳ್ಳೆಯದಾದರೆ ಗಾಣದ ಮನೆಯಲ್ಲಿ ಬೆಲ್ಲದ ಕಡಾಯಿಯ ತಳ ಸೀದಾಗ ಬರುತ್ತಲ್ಲ, ಆ ವಾಸನೆ. ಜೊತೆಗೆ ಹುರಿದ ಕಾಫಿ, ಕೋಕೋ. ಮೂಗಿಗೆ ಅಮೋನಿಯಾ ಬಡಿದರೆ ಎಲೆ ಇನ್ನೂ ಪಳಗಿಲ್ಲ. ಮೊದಲ ನಾಲ್ಕು ದಮ್ಮಿಗೆ ತೀರ್ಪು ಕೊಡಬೇಡಿ, ಅರ್ಧ ದಾಟಿದ ಮೇಲೂ ಸಿಹಿ ಉಳಿದಿದೆಯಾ ನೋಡಿ. ನನ್ನ ಲೆಕ್ಕದಲ್ಲಿ ದುಡ್ಡು ವಸೂಲಾಗೋದು ಅಲ್ಲೇ. ಬರೀ ಕಹಿ, ಬೂದಿ ರುಚಿ ಬಂದರೆ 1,400 ದಂಡ. ನಿಧಾನ ಸೇದಿ, ನಿಮಿಷಕ್ಕೊಂದು ದಮ್ಮು ಸಾಕು. ಹೊಟ್ಟೆ ತುಂಬಿರಲಿ. ನಾನೊಮ್ಮೆ ಖಾಲಿ ಹೊಟ್ಟೆಯಲ್ಲಿ ಸೇದಿ, ತಲೆ ತಿರುಗಿ ವಖಾರಿ ಕಟ್ಟೆ ಮೇಲೆ ಮಲಗಿದ್ದೆ. ಆಳುಗಳೆಲ್ಲ ನಕ್ಕರು.

ವಿಜಯಪುರದಿಂದ:
ಇಟ್ಟ ಜಾಗವನ್ನೂ ನೋಡ್ರಿ ಸರ್. ಸಿಗಾರ್‌ಗೆ ಸುತ್ತಲ ಗಾಳಿಯಲ್ಲಿ ಶೇ. 65ರಿಂದ 70 ತೇವ ಬೇಕು. ನಮ್ಮೂರ ಏಪ್ರಿಲ್ ಬಿಸಿಲಿಗೆ ಮೇಜಿನ ಮೇಲಿಟ್ಟದ್ದು ಕೆಲವೇ ದಿನಕ್ಕೆ ಹಪ್ಪಳದಂತೆ ಬಿರಿಯಿತು. ನಿಮ್ಮ ಬೆಳಗಾವಿ ಮಳೆಗಾಲದಲ್ಲಿ ಉಲ್ಟಾ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಕಾಯುವ ಪೊಟ್ಟಣದ ಜೊತೆ ಇಡಿ. ಫ್ರಿಜ್ ಬೇಡ. ಅಂಗಡಿಯಲ್ಲಿ ಕೊಳ್ಳುವುದಾದರೆ ಡಬ್ಬಿ ಮೇಲೆ ಶೇ. 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಇದೆಯಾ ನೋಡಿ. ಇಲ್ಲದಿದ್ದರೆ ಅದು ಕಳ್ಳದಾರಿಯ ಮಾಲು.

ಬಾಗಲಕೋಟೆಯಿಂದ:
ಎದೆಗೆ ಎಳೆಯದಿದ್ದರೂ ಬಾಯಿ ಕ್ಯಾನ್ಸರ್ ಬರಬಹುದು ಅನ್ನೋದನ್ನೂ ಬರೆಯಿರಿ ಅಣ್ಣಾ. ನಾನು ಬಿಟ್ಟು ಆರು ವರ್ಷ ಆಯಿತು.

ಟಿಳಕವಾಡಿ, ಬೆಳಗಾವಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಐದನ್ನೂ ಒತ್ತಿ ನೋಡಿದೆ, ಎರಡರಲ್ಲಿ ಗಂಟು ಇದೆ. ಟಿಶ್ಯೂಗೆ ಚಹಾದ ಬಣ್ಣ ಬಂತು, ಅಷ್ಟೇ. ಅಂಗಡಿಯವರು ಮಾತ್ರ ಒತ್ತಲು ಬಿಡಲಿಲ್ಲ, ವಾಪಸ್ ಬಂದೆ.