ಸಹಾಯ ಬೇಕು: ದೂರಪ್ರಯಾಣಕ್ಕೆ ಮೊದಲ ಸೈಕಲ್, ಎರಡರಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ. ಹತ್ತು ಹನ್ನೆರಡು ದಿನಗಳ ಪ್ರಯಾಣಕ್ಕೆಂದು ಮೊದಲ ಬಾರಿಗೆ ಟೂರಿಂಗ್ ಸೈಕಲ್ ಕೊಳ್ಳಲು ಹೊರಟಿದ್ದೇನೆ. ನನ್ನ ತೂಕ 82 ಕಿಲೋ, ಸಾಮಾನು ಸುಮಾರು 20 ಕಿಲೋ.

ಹುಡುಕಾಟ ಎರಡು ಸೈಕಲ್‌ಗಳಿಗೆ ಬಂದು ನಿಂತಿದೆ. ಒಂದು ಉಕ್ಕಿನ ಫ್ರೇಮಿನದು: ಮುಂದೆ ಪೆಡಲ್ ಬಳಿ 48-36-26 ಹಲ್ಲುಗಳ ಮೂರು ಹಲ್ಲುಚಕ್ರ, 36 ಸ್ಪೋಕ್, ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವಂಥದು). ಇನ್ನೊಂದು ಅಲ್ಯೂಮಿನಿಯಂನದು: ಮುಂದೆ 46-30 ಹಲ್ಲುಗಳ ಎರಡು, 32 ಸ್ಪೋಕ್, ಡಿಸ್ಕ್ ಬ್ರೇಕ್. ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಎರಡರಲ್ಲೂ 11ರಿಂದ 34 ಹಲ್ಲಿನದು.

ಎರಡನ್ನೂ ಹೊರೆಯೊಂದಿಗೆ ಓಡಿಸಿ ನೋಡಿದೆ. ಪೆಡಲ್ ಒಮ್ಮೆ ಸುತ್ತಿದರೆ, ಅತಿ ಹಗುರವಾದ ಗೇರಿನಲ್ಲಿ ಮೊದಲನೆಯದರ ಹಿಂಚಕ್ರ 0.76 ಸುತ್ತು, ಎರಡನೆಯದರದು 0.88 ಸುತ್ತು ತಿರುಗುತ್ತದೆ. ಏರುದಾರಿಯಲ್ಲಿ ಈ ವ್ಯತ್ಯಾಸ ನನ್ನ ಮೊಣಕಾಲಿಗೆ ಸ್ಪಷ್ಟವಾಗಿ ತಿಳಿಯಿತು. ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಮೊದಲನೆಯದರಲ್ಲಿ 455 ಮಿ.ಮೀ. ಅಂತರವಿದ್ದರೆ ಎರಡನೆಯದರಲ್ಲಿ 430 ಮಾತ್ರ ಇರುವುದರಿಂದ, ಹಿಮ್ಮಡಿ ಪಕ್ಕದ ಚೀಲಕ್ಕೆ ತಗಲುತ್ತಿತ್ತು, ಚೀಲವನ್ನು ಹಿಂದಕ್ಕೆ ಸರಿಸಿದಾಗ ಸೈಕಲ್ ಓಲಾಡಿತು. ಆದರೆ ಒದ್ದೆ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್ ಕೊಟ್ಟ ಧೈರ್ಯವನ್ನು ಮರೆಯಲಾಗುತ್ತಿಲ್ಲ.

ನನ್ನ ಗೊಂದಲ ಇಷ್ಟೇ. ಹಲ್ಲುಚಕ್ರವನ್ನೂ ಚಕ್ರವನ್ನೂ ಆಮೇಲೆ ಬದಲಿಸಬಹುದು. ಫ್ರೇಮಿನ ಉದ್ದವನ್ನು ಬದಲಿಸಲಾಗದು, ಉಕ್ಕಿನ ಆ ಫ್ರೇಮಿನಲ್ಲಿ ಡಿಸ್ಕ್ ಬ್ರೇಕ್ ಕೂರಿಸುವ ಜಾಗವೂ ಇಲ್ಲ.

ಇಷ್ಟೇ ಹೊರೆಯೊಂದಿಗೆ ಮಳೆಯಲ್ಲಿ ಉದ್ದನೆಯ ಇಳಿಜಾರುಗಳನ್ನು ಇಳಿದವರು ದಯವಿಟ್ಟು ತಿಳಿಸಿ: ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿದರೆ ರಿಮ್ ಬ್ರೇಕ್ ಸಾಕಾಗುತ್ತದೆಯೇ, ಅಥವಾ ಡಿಸ್ಕ್ ಬ್ರೇಕ್‌ಗಾಗಿ ಗಿಡ್ಡ ಫ್ರೇಮನ್ನು ಒಪ್ಪಿಕೊಳ್ಳಬೇಕೇ?